ನೀರಿನ ಕೆಳಗೆ ನಿಂತವನು

ದೇವರಿಗೆ ದೀಪ ಹಚ್ಚಿ, ಹಣೆಗೆ ಕುಂಕುಮ ಇಟ್ಟುಕೊಂಡ ಮೇಲೆ, ಗಿರಣಿಯ ಬಾಗಿಲು ತೆಗೆಯುವ ಮೊದಲು ಬಂಗಾರಮ್ಮ ಒಂದು ಕೆಲಸ ಮಾಡುತ್ತಿದ್ದಳು. ಗೋಡೆಯ ಗೂಡಿನಲ್ಲಿಟ್ಟ ಹಳದಿ ಬಣ್ಣದ ವಿಡಿಯೋ ಗೇಮ್ ಕ್ಯಾಸೆಟ್ ತೆಗೆದು, ಸೆರಗಿನ ತುದಿಯಿಂದ ಒರೆಸಿ, ಅದರ ಬಾಯಿಗೆ ಒಮ್ಮೆ ಉಫ್ ಎಂದು ಊದಿ, ಟಿವಿಯ ಪಕ್ಕದ ಪೆಟ್ಟಿಗೆಗೆ ಸಿಕ್ಕಿಸುತ್ತಿದ್ದಳು. ಜ್ವರ ಬಂದ ದಿನವೂ ಬಿಟ್ಟಿರಲಿಲ್ಲ, ಯುಗಾದಿ ದಿನವೂ ಬಿಟ್ಟಿರಲಿಲ್ಲ. ಕರೆಂಟ್ ಇಲ್ಲದ ದಿನ ಎಲ್ಲವನ್ನೂ ಹಾಗೆಯೇ ಮಾಡಿ, ಕಪ್ಪು ಟಿವಿಯ ಮುಂದೆ ಸ್ವಲ್ಪ ಹೊತ್ತು ಕೂತು, ಎದ್ದು ಹೋಗಿ ಗಿರಣಿಯ ಕಸ ಗುಡಿಸುತ್ತಿದ್ದಳು.

ಆ ಗಿರಣಿ ಸೊರಬದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ನಾನು ರೊಟ್ಟಿಗೆ ಅಕ್ಕಿ ಬೀಸಿಸಲು ಅಲ್ಲಿಗೇ ಹೋಗುತ್ತಿದ್ದೆ. ತ್ರೀ ಫೇಸ್ ಕರೆಂಟ್ ಬರುವವರೆಗೆ ಮೋಟಾರು ತಿರುಗುತ್ತಿರಲಿಲ್ಲ, ಹಾಗಾಗಿ ಡಬ್ಬಿಗಳನ್ನು ಸಾಲಿಗಿಟ್ಟು ಕಾಯಬೇಕಿತ್ತು. ಬಂಗಾರಮ್ಮ ನನಗೆ ಇದನ್ನೆಲ್ಲ ಹೇಳಿದ್ದು ಅಂಥ ಕಾಯುವ ಹೊತ್ತಿನಲ್ಲಿ, ಒಂದೇ ದಿನವಲ್ಲ, ತುಂಡು ತುಂಡಾಗಿ.

ಅಪ್ಪ ತೀರಿಕೊಂಡಾಗ ಗಿರಣಿ ಅವಳ ಕೈಗೆ ಬಂತು. ಮದುವೆಯ ಮಾತು ಬಂದು ಬಂದು ನಿಂತುಹೋಯಿತು. ಮನೆಯಲ್ಲಿ ಇದ್ದವರು ತಾಯಿ ಗುಡ್ಡಮ್ಮ ಮತ್ತು ತಮ್ಮ ಸಣ್ಣಪ್ಪ. ತಮ್ಮನಿಗೂ ಅವಳಿಗೂ ವಯಸ್ಸಿನ ಅಂತರ ತುಂಬ. ಹೆತ್ತದ್ದು ಗುಡ್ಡಮ್ಮನಾದರೂ ಬೆಳಗಿನ ಗಂಜಿಯಿಂದ ಸಂಜೆಯ ತುತ್ತಿನವರೆಗೆ ಅವನಿಗೆ ಉಣ್ಣಿಸಿ ಬೆಳೆಸಿದವಳು ಅಕ್ಕ. ಆಡಲು ಹೋದವನನ್ನು ಊಟಕ್ಕೆ ಕರೆಯುವ ಅವಳ ದನಿ ಬೀದಿಯ ಆ ತುದಿಗೂ ಕೇಳುತ್ತಿತ್ತಂತೆ. "ಸಣ್ಣಾ" ಅಂತ ಅವಳು ಎಳೆದು ಕರೆದರೆ ಬೇರೆ ಮನೆಯ ಮಕ್ಕಳೂ ಆಟ ಬಿಟ್ಟು ಮನೆಗೆ ಓಡುತ್ತಿದ್ದರು ಎಂದು ಹಳಬರು ಈಗಲೂ ನಗುತ್ತಾರೆ.

ಸಣ್ಣಪ್ಪ ದೊಡ್ಡವನಾದ ಮೇಲೆ ಗಿರಣಿಗೆ ಹೊಂದಿಕೊಂಡ ಕೋಣೆಯಲ್ಲಿ ಒಂದು ಟಿವಿ, ಒಂದು ಗೇಮ್ ಪೆಟ್ಟಿಗೆ ಇಟ್ಟ. ಹಿಟ್ಟಿಗೆ ಕಾಯುವವರ ಮಕ್ಕಳು ಆಡಲಿ ಎಂದು. ಟಿವಿ ಹುಡುಕಿ ಕೊಟ್ಟವನು ಚಿಕ್ಕಪ್ಪನ ಮಗ ಶ್ರೀನಾಥ. ಅವನಿಗೆ ಶಿಕಾರಿಪುರದಲ್ಲಿ ಟಿವಿ, ರೇಡಿಯೋ ರಿಪೇರಿ ಅಂಗಡಿ. ಹಳದಿ ಕ್ಯಾಸೆಟ್ಟನ್ನು ಸಣ್ಣಪ್ಪ ತಂದದ್ದೂ ಶಿಕಾರಿಪುರದ ಸಂತೆಯಿಂದಲೇ. ಅದರ ಮೇಲೆ ಕತ್ತಿ ಹಿಡಿದವನೊಬ್ಬ, ಹಿಂದೆ ಬೆಂಕಿ ಉಗುಳುವ ಪ್ರಾಣಿ. ಅಕ್ಷರ ಯಾವ ದೇಶದ್ದೋ. ಆಟದ ಒಳಗೂ ಅದೇ ಅಕ್ಷರ. ಯಾರು ಏನು ಹೇಳುತ್ತಿದ್ದಾರೆಂದು ತಿಳಿಯುವಂತಿರಲಿಲ್ಲ.

ಆಟ ಶುರುವಾದರೆ ಕತ್ತಿಯವನು ಒಂದು ಗುಡಿಯಿಂದ ಹೊರಡುತ್ತಿದ್ದ. ಅವನ ಹಿಂದೆ ಪಂಜು ಹಿಡಿದ ಕುಳ್ಳನೊಬ್ಬ ಓಡೋಡಿ ಬರುತ್ತಿದ್ದ. ಕಾಡು, ಸೇತುವೆ, ಆಮೇಲೆ ಒಂದು ದೊಡ್ಡ ನೀರು. ನೀರಿನ ದಡದಲ್ಲಿ ದೋಣಿಕಟ್ಟೆ.

"ಮುಂದೆ ಹೋಗೋಳು ನೀನು, ಅಕ್ಕ. ಹಿಂದೆ ಪಂಜು ಹಿಡ್ಕಂಡು ಬರೋನು ನಾನು," ಅನ್ನುತ್ತಿದ್ದ ಸಣ್ಣಪ್ಪ.

"ಬೆಳಕು ಹಿಡಿಯೋನು ಹಿಂದಿದ್ರೆ ಮುಂದಿನವಳು ಎಡವಿ ಬೀಳ್ತಾಳೆ ಕಣಾ, ಪೆದ್ದ."

"ನೀನು ಕಣ್ಣು ಮುಚ್ಚಿದ್ರೂ ಎಡವಲ್ಲ ಬಿಡು."

ಆದರೆ ಅದು ಸರಿಯಾದ ಕ್ಯಾಸೆಟ್ ಆಗಿರಲಿಲ್ಲ. ಕಾಡಿನ ಮರಗಳ ಮೇಲರ್ಧ ಒಂದು ಕಡೆ, ಕೆಳಗರ್ಧ ಇನ್ನೊಂದು ಕಡೆ. ಹಾಡು ಕುಂಟುತ್ತಿತ್ತು. ದೋಣಿಕಟ್ಟೆಗೆ ಬಂದ ಕೂಡಲೇ ಪಂಜಿನವನು ಮಾಯ. ದೋಣಿಯೂ ಬರುತ್ತಿರಲಿಲ್ಲ. ಅಲ್ಲಿಂದ ಮುಂದೆ ಯಾರೂ ಹೋಗಲಾಗಲಿಲ್ಲ. ಮೋಟಾರು ಹಾಕಿದರಂತೂ ವೋಲ್ಟೇಜ್ ಇಳಿದು ಆಟ ಅಲ್ಲಿಗೇ ಕಲ್ಲಾಗುತ್ತಿತ್ತು.

"ನಿಮ್ಮ ಗಿರಣಿ ಹಿಟ್ಟು ಕುಡಿದೂ ಕುಡಿದೂ ಇದಕ್ಕೆ ಅಜೀರ್ಣ ಆಗಿದೆ ಕಣೋ," ಎಂದಿದ್ದ ಶ್ರೀನಾಥ. "ವಾಪಸ್ ಕೊಟ್ಟು ಬಾ."

ಸಣ್ಣಪ್ಪ ಸಂತೆಗೆ ತೆಗೆದುಕೊಂಡು ಹೋದ. ಸಂಜೆ ಅದನ್ನೇ ಜೇಬಿನಲ್ಲಿಟ್ಟುಕೊಂಡು ಬಂದ. "ಆ ಮನುಷ್ಯ ಇದನ್ನ ಬುಟ್ಟಿಗೆ ಎಸೀತೀನಿ ಅಂದ. ಮನಸ್ಸಾಗಲಿಲ್ಲ ಅಕ್ಕ."

ಅದಾದ ಮೇಲೆ ಅಕ್ಕ ತಮ್ಮ ಇಬ್ಬರಿಗೂ ಆ ಆಟದ ಮೇಲೆ ಒಂದು ನಮೂನೆಯ ಅಕ್ಕರೆ ಹುಟ್ಟಿತು. ಹುಟ್ಟುಕುಂಟ ಕರುವಿನ ಮೇಲೆ ಹುಟ್ಟುವಂಥದ್ದು. ಬೇರೆ ಕ್ಯಾಸೆಟ್ಟುಗಳು ಬಂದವು, ಓಡುವವು, ಹಾರುವವು, ಗುಂಡು ಹೊಡೆಯುವವು. ಮಕ್ಕಳು ಅವನ್ನು ಆಡಿದರು. ಬೆಳಿಗ್ಗೆ ಗಿರಣಿ ತೆಗೆಯುವ ಮೊದಲು ಇವರಿಬ್ಬರೂ ಹಳದಿಯದನ್ನೇ ಹಾಕಿ, ಇವತ್ತು ಯಾವ ಮರ ಎಲ್ಲಿದೆ ಎಂದು ನೋಡುತ್ತಿದ್ದರು. ಹಾಗೆ ನೋಡುತ್ತಿದ್ದಾಗಲೇ ಸಣ್ಣಪ್ಪನಿಗೆ ಆ ದಾರಿ ಸಿಕ್ಕಿದ್ದು. ದೋಣಿಕಟ್ಟೆಯ ಎಡಬದಿಯ ಕಲ್ಲಿಗೆ ಕತ್ತಿಯವನನ್ನು ಒತ್ತಿ ಹಿಡಿದರೆ ಅವನು ಮೆಲ್ಲಗೆ ನೀರಿನೊಳಗೆ ಇಳಿಯುತ್ತಿದ್ದ. ಮುಳುಗುತ್ತಿರಲಿಲ್ಲ, ಸಾಯುತ್ತಿರಲಿಲ್ಲ. ಕೆಳಗೆ ನಡೆದಾಡಬಹುದಿತ್ತು.

ಕೆಳಗೆ ಹಾಡು ಇರಲಿಲ್ಲ. ಕರೆಂಟ್ ಹೋದ ಮೇಲೂ ಗಿರಣಿಯ ಬೆಲ್ಟು ಸ್ವಲ್ಪ ಹೊತ್ತು ತಿರುಗುವಾಗ ಬರುವ ಸದ್ದಿನಂಥ ಒಂದು ಗುಂಯ್ ಮಾತ್ರ. ಮನೆಯ ಗೋಡೆಗಳಿದ್ದವು, ಮಾಡು ಇರಲಿಲ್ಲ. ಬಾಗಿಲು ಇರಬೇಕಾದಲ್ಲಿ ಆ ಓದಲಾಗದ ಅಕ್ಷರಗಳು ರಾಶಿ ಬಿದ್ದಿದ್ದವು. ಎಲ್ಲದರ ಆಚೆ, ಹಸಿರು ಬಣ್ಣದ ಒಬ್ಬ ಮನುಷ್ಯ ನೋಡುವವರಿಗೆ ಬೆನ್ನು ಹಾಕಿ ನಿಂತಿದ್ದ. ನಿಂತಿದ್ದ ಅನ್ನುವಂತಿಲ್ಲ, ಕಾಲು ಎತ್ತಿ ಇಡುತ್ತಲೇ ಇದ್ದ. ಆದರೆ ಇದ್ದಲ್ಲೇ ಇದ್ದ. ಹತ್ತಿರ ಹೋದರೆ ಚಿತ್ರವೆಲ್ಲ ಗೆರೆ ಗೆರೆಯಾಗಿ ಆಟ ನಿಂತುಹೋಗುತ್ತಿತ್ತು.

"ಪಾಪ, ಯಾರಮ್ಮನ ಮಗನೋ ಎಂತನೋ," ಎಂದಳು ಬಂಗಾರಮ್ಮ.

"ದಾರಿ ಮರ್ತಿದಾನೆ ಅಷ್ಟೇ," ಎಂದ ಸಣ್ಣಪ್ಪ.

ಆ ವರ್ಷದ ಮಳೆಗಾಲ ಕಳೆದ ಮೇಲೆ ಸಣ್ಣಪ್ಪ ಗೆಳೆಯರ ಜೊತೆ ಅಂಬ್ಲಿಗೊಳದ ಡ್ಯಾಮಿಗೆ ಹೋದ. ನೀರು ತುಂಬಿ ನಿಂತಿತ್ತು. ಉಳಿದವರು ದಡದಲ್ಲಿ ಬುತ್ತಿ ಬಿಚ್ಚುತ್ತಿದ್ದಾಗ ಇವನು ಈಜಲು ಇಳಿದನಂತೆ. ತಲೆ ಕಂಡಿತು, ಕೈ ಕಂಡಿತು, ಆಮೇಲೆ ಕಾಣಲಿಲ್ಲ. ಮುಳುಗು ಹಾಕುವವರು ಬಂದು ಹುಡುಕಿದರು. ಬಲೆ ಬಿಟ್ಟರು. ಅಂಬ್ಲಿಗೊಳ ಅವನನ್ನು ಕೊಡಲಿಲ್ಲ. ಅಂಗಿ ಮತ್ತು ಚಪ್ಪಲಿ ಮನೆಗೆ ಬಂದವು.

ಚಪ್ಪಲಿಯನ್ನು ಗಿರಣಿಯ ಬೆಂಚಿನ ಕೆಳಗೆ ಇಟ್ಟರು. ಅದರ ಮೇಲೆ ಹಿಟ್ಟು ಕೂತು ಕೂತು ಬೆಳ್ಳಗಾಯಿತು. ಒಂದು ಬೆಳಿಗ್ಗೆ ನೋಡಿದರೆ ಎರಡೂ ಚಪ್ಪಲಿ ಶುದ್ಧ ಕಪ್ಪಗಿದ್ದವು. ಅಮ್ಮ ಒರೆಸಿರಬೇಕು ಅಂತ ಬಂಗಾರಮ್ಮ ಸುಮ್ಮನಿದ್ದಳು. ಮಗಳು ಒರೆಸಿರಬೇಕು ಅಂತ ಗುಡ್ಡಮ್ಮನೂ ಸುಮ್ಮನಿದ್ದಳು. ಇಬ್ಬರಿಗೂ ವಿಷಯ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ, ಬೇರೆ ಮಾತಿನ ನಡುವೆ. ಆಗ ಇಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟರು.

ಇಂಥದ್ದನ್ನೆಲ್ಲ ನಾನು ಹೌದು ಅಂತಲೂ ಹೇಳುವವಳಲ್ಲ, ಅಲ್ಲ ಅಂತಲೂ ಹೇಳುವವಳಲ್ಲ. ಹೋದವರ ಲೆಕ್ಕ ಈಶ್ವರನಿಗೆ ಸೇರಿದ್ದು.

ಅವರ ಮನೆತನದಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ನೀರಿನಲ್ಲಿ ಹೋದವರಿಗೆ ಎಡೆ ಇಡುವ ಕ್ರಮ ಬೇರೆ. ಅವರು ಹೋದ ನೀರಿನಿಂದಲೇ ಒಂದು ಬಿಂದಿಗೆ ತಂದು, ಹೊಸ್ತಿಲ ಹೊರಗೆ ಸುರಿದು, ಹೆಸರು ಹಿಡಿದು ಕರೆಯಬೇಕು: ಬಾ, ಒಳಗೆ ಬಂದು ಉಣ್ಣು, ಅಂತ. ಆಗಲೇ ಅವರು ಉಳಿದ ಹಿರಿಯರ ಸಾಲಿಗೆ ಬಂದು ಕೂರುತ್ತಾರೆ. ಕರೆಯದಿದ್ದರೆ ಬರಲಾರರು. ಹೆತ್ತವಳು ಮಾತ್ರ ಕರೆಯಬಾರದು, ಒಡಹುಟ್ಟಿದವರೇ ಕರೆಯಬೇಕು.

ಗುಡ್ಡಮ್ಮನಿಗೆ ಕನಸು ಬೀಳಲು ಶುರುವಾಗಿತ್ತು. ಸಣ್ಣಪ್ಪ ಹಿತ್ತಲ ಬಾಗಿಲಿಗೆ ಬರುತ್ತಾನೆ. ಕೂದಲಿನಿಂದ ನೀರು ಸೋರುತ್ತಿರುತ್ತದೆ. ಒಳಗೆ ಬಾ ಅನ್ನಲು ಇವಳಿಗೆ ಬಾಯಿ ಬರುವುದಿಲ್ಲ.

"ಹಸಿದಿದಾನೆ ಕಣೆ," ಎಂದಳು ಮಗಳಿಗೆ. "ಈ ಅಮಾಸೆಗೆ ಕರಿಯೇ."

"ಸತ್ತಿದಾನೆ ಅಂತ ಯಾರು ಕಂಡಿದಾರೆ?"

"ಬದುಕಿದ್ರೆ ಬರ್ತಿರ್ಲಿಲ್ವೇನೆ?"

"ನಾನು ಕರೆದ್ರೆ ಅವನು ಸತ್ತಂಗೆ ಅಮ್ಮ. ನನ್ನ ಬಾಯಲ್ಲಿ ಅದು ಬರಲ್ಲ."

ಒಂದು ಅಮಾವಾಸ್ಯೆ ಹಾಗೆ ಹೋಯಿತು. ಮುಂದಿನದೂ ಹೋಯಿತು. ಎಡೆಯ ಎಲೆಗಳ ಸಾಲಿನಲ್ಲಿ ಅವನದೊಂದು ಎಲೆ ಇರಲಿಲ್ಲ. ಗುಡ್ಡಮ್ಮ ಊಟ ಕಡಿಮೆ ಮಾಡಿದಳು. ಹಿತ್ತಲ ಬಾಗಿಲಿನ ಎದುರು ಕೂರುವುದನ್ನು ಬಿಟ್ಟಳು. ಅವಳ ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ತಾಯಿ ಮಗಳ ನಡುವೆ ಅಡುಗೆಗೆ ಬೇಕಾದಷ್ಟು ಮಾತು ಮಾತ್ರ ಉಳಿಯಿತು.

ಬಂಗಾರಮ್ಮ ಮಾತ್ರ ದಿನಾ ಬೆಳಿಗ್ಗೆ ನೀರಿಗೆ ಇಳಿಯುತ್ತಿದ್ದಳು. ಗುಡಿ, ಕಾಡು, ಸೇತುವೆ, ಕಟ್ಟೆಯ ಎಡಬದಿಯ ಕಲ್ಲು. ಹಸಿರು ಮನುಷ್ಯನಿಂದ ದೂರದಲ್ಲಿ, ಆಟ ನಿಲ್ಲದಷ್ಟು ದೂರದಲ್ಲಿ, ಕತ್ತಿಯವನನ್ನು ನಿಲ್ಲಿಸಿ ನೋಡುತ್ತ ಕೂರುತ್ತಿದ್ದಳು. ಹಿಟ್ಟಿಗೆ ಬಂದವರು ಆಡಿಕೊಳ್ಳದೆ ಬಿಡುತ್ತಾರೆಯೆ?

"ಎಂತ ಬಂಗಾರಮ್ಮ, ಇನ್ನೂ ಆಚೆ ದಡ ಸಿಕ್ಕಲಿಲ್ವ?" ಎಂದು ಕುಪ್ಪಗಡ್ಡೆ ಕಡೆಯ ಈಶ್ವರಮ್ಮ ನನ್ನೆದುರೇ ಕೇಳಿದ್ದಳು.

"ಸಿಕ್ಕಿದ್ರೆ ನಿಮ್ಮ ಖಾರದಪುಡಿ ಯಾರು ಮಾಡಿಕೊಡ್ತಾರೆ ಮಾರಾಯ್ತಿ?" ಎಂದು ಬಂಗಾರಮ್ಮ ನಕ್ಕು ಡಬ್ಬಿ ತೆಗೆದುಕೊಂಡಳು.

ಈಶ್ವರಮ್ಮ ಹೋದ ಮೇಲೆ ನನಗೆ ಹೇಳಿದಳು: "ಅವನು ಸಣ್ಣನೇ ಅಂತ ನಾನು ಹೇಳಲ್ಲ ಕಣ್ರೀ. ನಂಗೇನು ತಲೆ ಕೆಟ್ಟಿಲ್ಲ. ಆದ್ರೆ ಅಲ್ಲ ಅಂತನೂ ಹೇಳೋಕಾಗಲ್ಲ. ನೀರಿನ ಕೆಳಗೆ ಒಬ್ಬ ಇದಾನೆ, ನಡೀತಾ ಇದಾನೆ. ದಿನಾ ಹೋಗಿ ನೋಡ್ತೀನಿ. ಇವತ್ತೂ ಇದಾನೆ ಅಂದ್ರೆ ಆವತ್ತಿನ ದಿನ ದಾಟುತ್ತೆ."

ಮೂರನೆಯ ಅಮಾವಾಸ್ಯೆ ಹತ್ತಿರ ಬಂದಾಗ ಶ್ರೀನಾಥ ಬಂದ. ಅವನಿಗೆ ದಾವಣಗೆರೆಯಲ್ಲಿ ಅದೇ ಆಟದ ಇನ್ನೊಂದು ಕ್ಯಾಸೆಟ್ ಸಿಕ್ಕಿತ್ತು. ಅದೇ ಕತ್ತಿ, ಅದೇ ಬೆಂಕಿಯ ಪ್ರಾಣಿ, ಆದರೆ ಕಪ್ಪು ಬಣ್ಣದ್ದು. ಯಾವ ದೋಷವೂ ಇಲ್ಲ ಎಂದು ತಾನೇ ಆಡಿ ನೋಡಿ ತಂದಿದ್ದ. ಅಕ್ಕನಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದ ಪಾಪ.

ಬಂಗಾರಮ್ಮ ಅದನ್ನು ಹಾಕಿದಳು. ಕಾಡಿನಲ್ಲಿ ಮರಗಳು ನೆಟ್ಟಗೆ ನಿಂತಿದ್ದವು. ಹಾಡು ಕುಂಟಲಿಲ್ಲ. ಅಷ್ಟು ವರ್ಷ ಕೇಳಿದ ಹಾಡು ಹೀಗಿದೆ ಅಂತ ಅವಳಿಗೆ ಅಂದೇ ಗೊತ್ತಾದದ್ದು. ದೋಣಿಕಟ್ಟೆ ಬಂತು. ಎಡಬದಿಯ ಕಲ್ಲಿಗೆ ಒತ್ತಿ ಹಿಡಿದಳು. ಕತ್ತಿಯವನು ಇಳಿಯಲಿಲ್ಲ. ನೀರು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು.

"ಅಲ್ಲಲ್ಲ ಅಕ್ಕ, ಹಂಗಲ್ಲ. ಹಿಂದೆ ನೋಡು," ಎಂದ ಶ್ರೀನಾಥ.

ಪಂಜಿನವನು ಮಾಯವಾಗಿರಲಿಲ್ಲ. ನೀರು ಕಂಡ ಕೂಡಲೇ ಹೆದರಿ, ಬೆನ್ನು ತಿರುಗಿಸಿ, ಇದ್ದಲ್ಲೇ ಕಾಲೆತ್ತಿ ಇಡುತ್ತ ನಿಂತಿದ್ದ.

"ಅವನು ತಾನಾಗೇ ಬರಲ್ಲ. ಅವನ ಹತ್ರ ಹೋಗಿ ಕೆಂಪು ಬಟನ್ ಒತ್ತಬೇಕು. ಕರೀಬೇಕು ಅವನನ್ನ."

ಅವಳು ಒತ್ತಿದಳು. ಗಂಟೆಯಂಥ ಒಂದು ಸದ್ದು ಬಂತು. ಕುಳ್ಳ ತಿರುಗಿದ. ಓಡೋಡಿ ಬಂದ. ನೀರಿನ ಮೇಲೆ ದೋಣಿ ಬಂತು, ಇಬ್ಬರೂ ಹತ್ತಿದರು, ದಾಟಿದರು. ಆಚೆ ದಡದಲ್ಲಿ ಬೇರೊಂದು ಊರು ಶುರುವಾಯಿತು.

ಬಂಗಾರಮ್ಮ ಆಟದ ರಿಮೋಟ್ ಕೆಳಗಿಟ್ಟಳು. ಶ್ರೀನಾಥ ಏನೋ ಹೇಳುತ್ತಿದ್ದ, ಅವಳಿಗೆ ಕೇಳಿಸಲಿಲ್ಲ. ಬೆನ್ನು ತಿರುಗಿಸಿ ನಿಂತ ಕುಳ್ಳನ ನಡಿಗೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಲಗಾಲನ್ನು ಸ್ವಲ್ಪ ಹೆಚ್ಚು ಎತ್ತುವ ನಡಿಗೆ. ಎರಡು ವರ್ಷದ ಮೇಲಾಯಿತು, ದಿನಾ ಬೆಳಿಗ್ಗೆ ಅದನ್ನೇ ನೋಡಿದ್ದಳು. ಬಣ್ಣ ಹಸಿರಾಗಿತ್ತು, ಕೈಯಲ್ಲಿ ಪಂಜಿರಲಿಲ್ಲ, ಅದಕ್ಕೇ ಗುರುತು ಸಿಕ್ಕಿರಲಿಲ್ಲ. ಹಳದಿ ಕ್ಯಾಸೆಟ್ಟಿನ ದೋಷದಿಂದ ಅವನು ಕಟ್ಟೆಯ ಮೇಲಿಂದ ಕೆಳಗೆ ಬಿದ್ದುಬಿಟ್ಟಿದ್ದ. ಬಿದ್ದಲ್ಲಿ ನಿಂತು, ಯಾರಾದರೂ ಕರೆಯುವುದನ್ನು ಕಾಯುತ್ತಿದ್ದ.

ಕಪ್ಪು ಕ್ಯಾಸೆಟ್ಟನ್ನು ತೆಗೆದು ಶ್ರೀನಾಥನ ಕೈಗೆ ಕೊಟ್ಟಳು. "ಚಲೋ ಇದೆ. ನಿನ್ನ ಅಂಗಡಿಲಿ ಇಟ್ಕೊ, ಮಕ್ಕಳು ಆಡ್ತಾರೆ."

"ನಿಂಗೆ ಬೇಡ್ವ?"

"ಇದ್ರಲ್ಲಿ ನಾನು ಹೋಗೋ ಜಾಗ ಇಲ್ಲ."

ಮರುದಿನ ಬೆಳಿಗ್ಗೆ ಹಳದಿಯದನ್ನು ಹಾಕಿ ನೀರಿಗೆ ಇಳಿದಳು. ಆ ದಿನ ದೂರದಲ್ಲಿ ನಿಲ್ಲಲಿಲ್ಲ. ಹತ್ತಿರ ಹೋದಳು. ಚಿತ್ರ ನಡುಗಲು ಶುರುವಾಯಿತು, ಆದರೂ ಹೋದಳು. ಅವನ ಬೆನ್ನಿನ ಹಿಂದೆ ನಿಂತು ಕೆಂಪು ಬಟನ್ ಒತ್ತಿದಳು. ಗಂಟೆಯ ಸದ್ದು ಬರಲಿಲ್ಲ. ಗೆರೆಗಳು ಮೇಲಿಂದ ಕೆಳಗೆ ಇಳಿದು ಆಟ ನಿಂತಿತು. ಅವನ ಮೈ ಅರ್ಧ ತಿರುಗಿತ್ತು. ಕಣ್ಣು, ಮೂಗು ಇರಬೇಕಾದಲ್ಲಿ ಕಪ್ಪು. ಪೆಟ್ಟಿಗೆ ಆರಿಸಿ ಮತ್ತೆ ಗುಡಿಯಿಂದ ಹೊರಟಳು. ಮತ್ತೆ ಕರೆದಳು. ಮತ್ತೆ ಅರ್ಧ ತಿರುಗಿ ನಿಂತ. ಹೊರಗೆ ಡಬ್ಬಿ ಹಿಡಿದವರು ಬಾಗಿಲು ಬಡಿಯುತ್ತಿದ್ದರು. ಅವತ್ತು ಗಿರಣಿ ತೆಗೆದಾಗ ತಡವಾಗಿತ್ತು. ನಾನೂ ಹೊರಗೆ ನಿಂತವರಲ್ಲಿ ಒಬ್ಬಳು.

ಎಲ್ಲರೂ ಹೋದ ಮೇಲೆ, ಬೆಲ್ಟು ಬಿಚ್ಚುತ್ತ, ನನ್ನ ಕಡೆ ನೋಡದೆ ಹೇಳಿದಳು: "ಕರೆದ್ರೆ ತಿರುಗ್ತಾನೆ ಕಣ್ರೀ. ಅಲ್ಲಿಂದ ಕರೆದ್ರೆ ಅರ್ಧ ಮಾತ್ರ. ನಾನು ಇಷ್ಟು ದಿನ ಅವನನ್ನ ಇಟ್ಕೊಂಡಿದೀನಿ ಅನ್ಕಂಡಿದ್ದೆ. ನಿಲ್ಲಿಸ್ಕೊಂಡಿದ್ದೆ ಅಷ್ಟೆ."

ಒಳಗೆ ಹೋಗಿ ತಾಯಿಗೆ ಹೇಳಿದಳು, "ಅಮ್ಮ, ಈ ಸಲ ನೀರು ತರ್ಸು."

ಗುಡ್ಡಮ್ಮ ಕುಟ್ಟುತ್ತಿದ್ದ ಎಲೆಅಡಿಕೆಯನ್ನು ಹಾಗೇ ಬಿಟ್ಟು ಮಗಳ ಮುಖ ನೋಡಿದಳು. ಎದ್ದು ಹೋಗಿ ಬಿಂದಿಗೆ ತೊಳೆದಿಟ್ಟಳು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಶ್ರೀನಾಥ ಅಂಬ್ಲಿಗೊಳಕ್ಕೆ ಹೋಗಿ ತಾಮ್ರದ ಬಿಂದಿಗೆಯಲ್ಲಿ ನೀರು ತಂದ. ಗುಡ್ಡಮ್ಮ ನನಗೂ ಬರಹೇಳಿದ್ದಳು. ಒಳಗೆ ಎಲೆಗಳ ಸಾಲು ಹಾಕಿ ಆಗಿತ್ತು. ಕೊನೆಯಲ್ಲಿ ಒಂದು ಎಲೆ ಹೊಸದಾಗಿ ಸೇರಿತ್ತು. ಅದರ ಮೇಲೆ ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯ, ಕಡುಬು, ಎಲ್ಲವೂ ಬಿಸಿ ಆರುತ್ತಿತ್ತು. ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಗುಡ್ಡಮ್ಮ ಅಡುಗೆಮನೆಯ ಗೋಡೆಗೆ ಒರಗಿ, ಕಿವಿಯನ್ನೆಲ್ಲ ಬಾಗಿಲ ಕಡೆ ಇಟ್ಟು ಕೂತಿದ್ದಳು.

ಬಂಗಾರಮ್ಮ ಹೊಸ್ತಿಲ ಒಳಗೆ ನಿಂತಳು. ಬಾಯಿ ತೆರೆದಳು. ದನಿ ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದಳು. ಮುಖ ಬೆವೆತು ಕುಂಕುಮ ಇಳಿಯುತ್ತಿತ್ತು. ನಾನು ಮನಸ್ಸಿನಲ್ಲೇ ಶಿವ ಶಿವ ಅಂದುಕೊಂಡೆ, ಅಷ್ಟಲ್ಲದೆ ನನ್ನ ಕೈಯಲ್ಲಿ ಇನ್ನೇನಿತ್ತು?

ಅಂಗಳದಲ್ಲಿ ಬಿಂದಿಗೆ ಹಿಡಿದು ನಿಂತಿದ್ದ ಶ್ರೀನಾಥನಿಗೆ ನೋಡಲಾಗಲಿಲ್ಲ.

"ಅಕ್ಕ, ನೀನು ಒಳಗೆ ಹೋಗು," ಎಂದ ಮೆಲ್ಲಗೆ. "ನಾನು ಕರೀತೀನಿ. ನಾನೂ ಅಣ್ಣನೇ ಅಲ್ವ ಅವನಿಗೆ? ಶಾಸ್ತ್ರಕ್ಕೆ ನಡೆಯುತ್ತೆ, ಐನೋರನ್ನ ಕೇಳ್ಕಂಡೇ ಬಂದಿದೀನಿ. ನೀನು ಕಿವಿ ಮುಚ್ಕೊಂಡು ಕೂತಿರು. ಎಲ್ಲ ಆದ ಮೇಲೆ ಹೇಳ್ತೀನಿ."

ಒಳಗಿನಿಂದ ಗುಡ್ಡಮ್ಮ, "ಹೂಂ ಕಣೆ, ಅವನೇ ಕರೀಲಿ ಬಿಡೇ," ಎಂದಳು. ಅವಳಿಗೂ ಮಗಳ ಸಂಕಟ ತಿಳಿಯುತ್ತಿತ್ತು.

ಬಂಗಾರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೊಸ್ತಿಲು ದಾಟಿ ಹೊರಗೆ ಬಂದು, ಬಿಂದಿಗೆಗೆ ಕೈ ಚಾಚಿದಳು.

"ಬೇಡ ಶ್ರೀನಾಥ. ನೀನು ಕರೆದ್ರೂ ಬರ್ತಾನೆ, ಇಲ್ಲ ಅನ್ನಲ್ಲ. ಆದ್ರೆ ಒಳಗೆ ಬಂದೋನು, ಅಕ್ಕ ಯಾಕೆ ಕರೀಲಿಲ್ಲ ಅಂತ ಕೇಳಿದ್ರೆ ನಾನು ಎಂತ ಹೇಳ್ಲಿ? ಕೊಡಿಲ್ಲಿ."